ಟೈಪಕ್ಕನ ಒಂದೇ ತಪ್ಪು

ಅವರ ಎರಡೂ ಕೈಯ ಕಿರುಬೆರಳುಗಳು ಕುಡುಗೋಲಿನಂತೆ ಒಳಕ್ಕೆ ಬಾಗಿದ್ದವು. ಹಳೆಯ ಕನ್ನಡ ಟೈಪ್‌ರೈಟರಿನ ಮೂಲೆಯ ಕೀಲಿಗಳನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಗಿತ್ತಂತೆ. ಆ ಯಂತ್ರ ಹೋಗಿ ಕಂಪ್ಯೂಟರ್ ಬಂದ ಸುದ್ದಿ ಬೆರಳುಗಳಿಗೆ ಕೊನೆಯವರೆಗೂ ತಲುಪಲಿಲ್ಲ. ಪ್ಲಾಸ್ಟಿಕ್ ಕೀಬೋರ್ಡನ್ನೂ ಅವರು ಕಬ್ಬಿಣದ್ದೆಂದೇ ತಿಳಿದು ಕುಟ್ಟುತ್ತಿದ್ದರು. ಅದರ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಕೀಲಿಗಳೆಲ್ಲ ನನ್ನ ನೆತ್ತಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ನನ್ನಂಥವನನ್ನು ಅದರ ಮುಂದೆ ಕೂರಿಸಿದರೆ ಸ್ವಂತ ಹೆಸರನ್ನೂ ಹೊಡೆಯಲಾರ. ಅವರು ಮಾತ್ರ ಎದುರಿನ ರೈತನ ಮುಖ ನೋಡುತ್ತಾ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವನನ್ನು ವಿಚಾರಿಸುತ್ತಾ, ಬಾಗಿಲಿಗೆ ಅಡ್ಡ ಬೈಕು ನಿಲ್ಲಿಸಿದವರನ್ನು ಗದರುತ್ತಾ, ಒಂದೇ ಸಮನೆ ಹೊಡೆಯುತ್ತಿದ್ದರು.

ಮುಳಬಾಗಿಲಿನಲ್ಲಿ ಕೋರ್ಟಿನ ಎದುರು, ಹೊಂಗೆ ಮರದ ಪಕ್ಕದ ತಗಡಿನ ಅಂಗಡಿ ಅವರದು. ವಕೀಲರಿಗೆ, ಗುಮಾಸ್ತರಿಗೆ, ಕಕ್ಷಿದಾರರಿಗೆ ಎಲ್ಲರಿಗೂ ಅವರು ಟೈಪಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಿರಬಹುದು, ಅಷ್ಟೇ. ಅವರ ತಂಗಿಯ ಮಗಳು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿಯಾಗಿದ್ದಳು. ಆ ಒಂದೇ ಕಾರಣಕ್ಕೆ ಅವರಿಗೆ ನಾನು ಕೊನೆಯವರೆಗೂ ಮೇಷ್ಟ್ರು.

ಹದಿನೆಂಟು ವರ್ಷ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ಆಡಳಿತ ಮಂಡಳಿಯವರು ಸೈನ್ಸ್ ವಿಭಾಗವನ್ನೇ ಮುಚ್ಚಿದರು. ನನ್ನ ಬಳಿ ಉಳಿದದ್ದು ಒಂದು ಎಂ.ಎಸ್ಸಿ. ಡಿಗ್ರಿ ಮತ್ತು ನಲವತ್ನಾಲ್ಕು ವಯಸ್ಸು. ಹಳೆಯ ಗೆಳೆಯನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಯಾವ ಡಿಗ್ರಿ ಇದ್ರೂ ಮೂರು ವರ್ಷದಲ್ಲಿ ಲಾ ಮುಗಿಸಬಹುದು ಕಣೋ" ಎಂದು ಹೇಳಿ ಬಸ್ಸು ಹತ್ತಿ ಹೋದ. ಅವನು ಹೋದ, ನನಗೆ ಚಿಂತೆ ಹತ್ತಿತು. ಚಿಂತೆ ಮಾಡುವುದು ನನಗೆ ಉಸಿರಾಡಿದಷ್ಟು ಸಲೀಸು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಕೋಲಾರದಿಂದ ವಾಪಸ್ ಬಂದವನು ನಾನು. ವಯಸ್ಸಿನ ಮಿತಿ ಇದೆಯೇನೋ, ಸೀಟು ಕೊಡುವುದಿಲ್ಲವೇನೋ, ಅಕಸ್ಮಾತ್ ಕೊಟ್ಟುಬಿಟ್ಟರೆ ಏನು ಗತಿ ಎಂದು ಹದಿನೈದು ದಿನ ಮನೆಯವರ ತಲೆ ತಿಂದೆ. ಹದಿನಾರನೆಯ ದಿನ ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟಳು.

"ಇಷ್ಟು ವರ್ಷ ಮನೆ ಚಿಂತೆ ಪುಕ್ಕಟೆ ಮಾಡಿದ್ರಿ. ಇನ್ಮೇಲೆ ಊರೋರ ಚಿಂತೆ ಫೀಸ್ ತಗೊಂಡು ಮಾಡಿ. ಹೋಗಿ ಸೇರ್ಕೊಳ್ರಿ."

ಸೇರಿಕೊಂಡೆ. ಕೋಲಾರದ ಕಾಲೇಜಿನಲ್ಲಿ ಮೊದಲ ದಿನ ಕ್ಲಾಸಿನೊಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ನಾನು ತಲೆ ತಗ್ಗಿಸಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅವರು ಪಾಪ, ಕೂರಬೇಕೋ ಬೇಡವೋ ತಿಳಿಯದೆ ಇನ್ನೊಂದು ನಿಮಿಷ ನಿಂತೇ ಇದ್ದರು. ಪಕ್ಕದ ಬೆಂಚಿನಲ್ಲಿದ್ದವಳು ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ. "ಸಾರ್, ನೀವೇನ್ ಸಾರ್ ಇಲ್ಲಿ?" ಎಂದಳು. ಅದೇ ಪ್ರಶ್ನೆಯನ್ನು ಮುಂದಿನ ಮೂರು ವರ್ಷ ನಾನೇ ನನ್ನನ್ನು ದಿನಕ್ಕೊಮ್ಮೆ ಕೇಳಿಕೊಂಡಿದ್ದೇನೆ.

ರಸಾಯನಶಾಸ್ತ್ರದಿಂದ ಬಂದವನಿಗೆ ಕಾನೂನು ಬಹಳ ಹಿಂಸೆ. ನಮ್ಮಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸಿದರೆ ಉಪ್ಪು ಮತ್ತು ನೀರು. ಯಾರು ಬೆರೆಸಿದರೂ ಅಷ್ಟೇ, ಯಾವ ತಾಲ್ಲೂಕಿನಲ್ಲಿ ಬೆರೆಸಿದರೂ ಅಷ್ಟೇ. ಇಲ್ಲಿ ಏನು ಕೇಳಿದರೂ ಲೆಕ್ಚರರು "ಅದು ಸಂದರ್ಭದ ಮೇಲೆ ಹೋಗುತ್ತೆ" ಎನ್ನುತ್ತಿದ್ದರು. ಹಾಳಾಗಲಿ ಎಂದು ಮೊದಲ ವರ್ಷ ದಂಡಸಂಹಿತೆಯ ಸೆಕ್ಷನ್ನುಗಳನ್ನು ಆವರ್ತ ಕೋಷ್ಟಕದ ಹಾಗೆ ಬಾಯಿಪಾಠ ಮಾಡಿದೆ. ಎರಡನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಹೊಸ ಸಂಹಿತೆ ಬಂದು ನಂಬರುಗಳೆಲ್ಲ ಬದಲಾದವು. ಆಮ್ಲಜನಕದ ನಂಬರು ಎಂಟು. ಅದನ್ನು ಈವರೆಗೆ ಯಾವ ಸರ್ಕಾರವೂ ಮುಟ್ಟಿಲ್ಲ.

ಟೈಪಕ್ಕನ ಹತ್ತಿರ ಮೊದಲು ಹೋದದ್ದು ಆ ಎರಡನೆಯ ವರ್ಷದಲ್ಲಿ. ಮಾದರಿ ದಾವೆಗಳನ್ನು ಬರೆದು ಕಾಲೇಜಿಗೆ ರೆಕಾರ್ಡ್ ಒಪ್ಪಿಸಬೇಕಿತ್ತು. ನಾನು ಇಲ್ಲದ ಒಬ್ಬ ವಾದಿಯನ್ನೂ ಇಲ್ಲದ ಒಬ್ಬ ಪ್ರತಿವಾದಿಯನ್ನೂ ಹುಟ್ಟಿಸಿ, ಅವರಿಬ್ಬರ ಜಗಳವನ್ನು ಹನ್ನೊಂದು ಪುಟ ಬರೆದು, ಟೈಪ್ ಮಾಡಿಸಲು ಒಯ್ದೆ. ಅವರು ಮೊದಲ ಪುಟ ಓದಿ ಕನ್ನಡಕವನ್ನು ಹಣೆಗೇರಿಸಿದರು.

"ಮೇಷ್ಟ್ರೇ, ಈ ಒಂದ್ ಪುಟದಲ್ಲಿ 'ಒಂದು ವೇಳೆ' ಎಷ್ಟಿವೆ ಗೊತ್ತಾ?"

"ಎಷ್ಟಿವೆ ಅಕ್ಕಾ?"

"ಆರು. 'ಬಹುಶಃ' ನಾಕು. ನಿಮ್ಮ ವಾದಿಗೆ ತನ್ನ ಹೆಸರಾದ್ರೂ ಖಾತ್ರಿ ಇದೆಯಾ?"

"ಮುಂಜಾಗ್ರತೆಗೆ ಅಂತ ಬರೆದೆ."

"ಮುಂಜಾಗ್ರತೆ ಅಲ್ಲ ಇದು, ಭಯ. ಜಡ್ಜಿಗೆ ವಾಸನೆ ಹೊಡೀತದೆ. ಹೇಳಿ, ಹೊಡೀಲಾ, ಕೀಳ್ಲಾ?"

ಕಳೆ ಕೀಳುವವರ ಹಾಗೆ ಕಿತ್ತರು. ಹನ್ನೊಂದು ಪುಟ ನಾಲ್ಕಾಯಿತು. ನಲವತ್ತೈದು ವರ್ಷದಲ್ಲಿ ನನ್ನ ಭಯವನ್ನು ಅಷ್ಟು ಚೊಕ್ಕವಾಗಿ ಯಾರೂ ತಿದ್ದಿರಲಿಲ್ಲ. ಅಂದಿನಿಂದ ಬೆಳಗ್ಗೆ ಕೋಲಾರದಲ್ಲಿ ಕ್ಲಾಸು, ಮಧ್ಯಾಹ್ನ ಟೈಪಕ್ಕನ ಅಂಗಡಿಯ ಪ್ಲಾಸ್ಟಿಕ್ ಸ್ಟೂಲು ಎಂದಾಯಿತು. ಎರಡರಲ್ಲಿ ನಿಜವಾದ ಕಾಲೇಜು ಯಾವುದೆಂದು ಕೇಳಿದರೆ ಕೋಲಾರದವರು ಬೇಜಾರು ಮಾಡಿಕೊಂಡಾರು.

ಅವರು ಓದಿದ್ದು ಪಿಯುಸಿ. ಯಲ್ದೂರಿನ ಕಡೆಯವರು. ಮಾವಿನ ಕಾಲದಲ್ಲಿ ತವರಿನಿಂದ ಬಂದ ಕಾಯಿಯನ್ನು ಹೆಚ್ಚಿ, ಉಪ್ಪು ಖಾರ ಹಚ್ಚಿ, ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದು ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದರೆ ನನಗೆ ಒಂದು ಹೋಳು; ತಡವರಿಸಿದರೆ ಡಬ್ಬಿ ಮುಚ್ಚಿಕೊಳ್ಳುತ್ತಿತ್ತು. ಆ ಸಂಹಿತೆಯನ್ನು ಇಂದಿಗೂ ನೆನೆಸಿಕೊಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಈ ಮಾತನ್ನು ಹೇಳಬಲ್ಲ ವಕೀಲ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

"ನೀವೇ ಒಂದು ಡಿಗ್ರಿ ಮಾಡ್ಕೊಂಡು ಲಾ ಓದಬಹುದಿತ್ತಲ್ಲಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಬೇಡಪ್ಪಾ. ಈಗ ತಪ್ಪಾದ್ರೆ ಟೈಪಿಂಗ್ ಮಿಸ್ಟೇಕ್ ಅಂತಾರೆ. ಲಾಯರ್ ಆಗಿ ತಪ್ಪು ಮಾಡಿದ್ರೆ ಕೇಸೇ ಬಿದ್ದೋಯ್ತು ಅಂತಾರೆ."

ಹಾಗೆ ನಗುತ್ತಿದ್ದರೇ ಹೊರತು, ಇಪ್ಪತ್ತೆಂಟು ವರ್ಷದಲ್ಲಿ ಅವರ ಟೈಪಿಂಗಿನಲ್ಲಿ ತಪ್ಪು ಹಿಡಿದವರಿರಲಿಲ್ಲ. ವಕೀಲರ ಡ್ರಾಫ್ಟಿನಲ್ಲಿದ್ದ ತಪ್ಪನ್ನು ಅವರೇ ಹಿಡಿದು, ಯಾರಿಗೂ ಕೇಳದ ಹಾಗೆ ವಕೀಲರ ಕಿವಿಯಲ್ಲಿ ಹೇಳಿ ತಿದ್ದಿಸುತ್ತಿದ್ದರು. ಅವರ ಕೈಯಿಂದ ಬಂದ ಕಾಗದಕ್ಕೆ, ಮುಂದೆ ನಾನು ಕೆಲಸ ಕಲಿಯಲು ಸೇರಿದ ನಮ್ಮ ಸೀನಿಯರ್ ವಕೀಲರು ಓದದೆಯೇ ಸಹಿ ಹಾಕುತ್ತಿದ್ದರು. "ಆಯಮ್ಮ ಓದಿರ್ತಾಳಲ್ಲ, ಸಾಕು" ಎನ್ನುವುದು ಅವರ ವಾದ.

ಟೈಪಕ್ಕನದೊಂದು ಕಟ್ಟುನಿಟ್ಟಿತ್ತು. ಜಮೀನಿನ ಯಾವ ಕಾಗದದಲ್ಲೂ ಕೊನೆಗೆ ಚೆಕ್ಕುಬಂದಿ ಬರೆಯಬೇಕು. ಎಂದರೆ, ಆ ಜಮೀನಿನ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ಉತ್ತರಕ್ಕೆ, ದಕ್ಷಿಣಕ್ಕೆ ಯಾರ ಹೊಲ ಎಂಬ ವಿವರ. ವಕೀಲರು ಎಷ್ಟೇ ಚೆನ್ನಾಗಿ ಬರೆದು ಕಳಿಸಿರಲಿ, ಅವರು ಮಿಕ್ಕದ್ದನ್ನೆಲ್ಲ ಹೊಡೆದು ಆ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದರು. ಆಮೇಲೆ ಕಕ್ಷಿದಾರನನ್ನು ಹೊಂಗೆ ಮರದ ಕೆಳಗೆ ಕರೆದು, "ತೂರ್ಪು ಪಕ್ಕ ತಿರುಗಣ್ಣಾ" ಎಂದು ಪೂರ್ವಕ್ಕೆ ತಿರುಗಿಸುತ್ತಿದ್ದರು. ತಾವೂ ಅವನ ಪಕ್ಕದಲ್ಲಿ ಅದೇ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು.

"ಈಗ ನಿನ್ನ ಹೊಲದ ಮಧ್ಯ ನಿಂತಿದೀಯ ಅನ್ಕೋ. ಮುಂದೆ ಏನೈತೆ? ಹಿಂದೆ? ಎಡಗೈ ಚಾಚು. ಅಲ್ಲಿ ಯಾರ್ದು?"

ರೈತ ಕೈ ಚಾಚುತ್ತಿದ್ದ. ಟೈಪಕ್ಕನೂ ಚಾಚುತ್ತಿದ್ದರು. ಬಿಸಿಲಿನಲ್ಲಿ ಇಬ್ಬರು ಕೈ ಅಗಲಿಸಿ ಆಂಧ್ರದ ದಿಕ್ಕಿಗೆ ನೋಡುತ್ತಾ ನಿಂತಿರುವುದನ್ನು ಕಂಡು, ಊರಿಗೆ ಹೊಸದಾಗಿ ಬಂದ ಪೊಲೀಸರೊಬ್ಬರು ಇದೇನು ಯೋಗ ಶಿಬಿರವೇ ಎಂದು ವಿಚಾರಿಸಿದ್ದರಂತೆ. ಹಳೇ ಪತ್ರ ನೋಡಿ ಹೊಡೆದರಾಗದೇ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಪತ್ರದಲ್ಲಿರೋರೆಲ್ಲ ಸತ್ತೋಗಿರ್ತಾರೆ ಮೇಷ್ಟ್ರೇ. ನಾನು ಬದುಕಿರೋರನ್ನ ಕೇಳ್ತೀನಿ."

ಮೂರನೆಯ ವರ್ಷ ನಾನು ಸೀನಿಯರ್ ಆಫೀಸಿನಲ್ಲಿ ಕೆಲಸ ಕಲಿಯಲು ಹೋಗುತ್ತಿದ್ದಾಗ, ಒಂದು ಬೆಳಗ್ಗೆ ತಾಯಲೂರಿನ ಕಡೆಯ ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಸೆರಗಿಗೆ ಹಿಪ್ಪುನೇರಳೆ ಎಲೆಯ ಚೂರು ಅಂಟಿಕೊಂಡೇ ಇತ್ತು. ಅವರ ಹಿಪ್ಪುನೇರಳೆ ತೋಟಕ್ಕೂ ಊರಿಗೂ ಇರುವುದು ಒಂದೇ ಬಂಡಿದಾರಿ. ಆ ದಾರಿಯಾಚೆಯ ಹೊಲದವನು ಅದಕ್ಕೆ ಅಡ್ಡವಾಗಿ ಕಲ್ಲುಕಂಬ ನೆಡಲು ಶುರು ಮಾಡಿದ್ದ. ಎರಡು ನೆಟ್ಟಾಗಿತ್ತು, ಮಿಕ್ಕವು ಪಕ್ಕದಲ್ಲಿ ಬಿದ್ದಿದ್ದವು. ಮನೆಯಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಪೊರೆ ಕಳಚುವಾಗ ಮೇವು ಬಿಟ್ಟು ಸುಮ್ಮನಿರುವ ಹೊತ್ತು. ನಾಲ್ಕನೆಯದರಿಂದ ಎದ್ದ ಮೇಲೆ ಅವು ವಾರವಿಡೀ ಬಿಡದೆ ತಿನ್ನುತ್ತವೆ. ಆಗ ಸೊಪ್ಪು ಬಂಡಿಗಟ್ಟಲೆ ಬರಬೇಕು. ಬರದಿದ್ದರೆ ಆ ಬೆಳೆ ಮುಗಿಯಿತು.

"ನಾಳೆ ನಾಡಿದ್ದಕ್ಕೆ ಎದ್ದೇಳ್ತವೆ ಸ್ವಾಮಿ," ಎಂದರು ಆಕೆ. "ಎದ್ದ ಮೇಲೆ ಅವು ಸೊಪ್ಪು ಕೇಳ್ತವೆ. ಕೋರ್ಟು ಡೇಟು ಕೇಳಲ್ಲ."

ಸೀನಿಯರ್‌ಗೆ ಅಂದು ಬೇರೆ ಕೇಸಿನ ಪಾಟೀಸವಾಲಿತ್ತು. ಕೋಟು ತೊಡುತ್ತಲೇ ನನಗೆ ಹೇಳಿದರು: "ಮೇಷ್ಟ್ರೇ, ಇವತ್ತೇ ಫೈಲ್ ಆಗ್ಬೇಕು, ಇವತ್ತೇ ತಡೆಯಾಜ್ಞೆ ಕೇಳ್ಬೇಕು. ಡ್ರಾಫ್ಟ್ ಮಾಡಿ. ಹಳೇ ಪಾಲುಪತ್ರದ ಚೆಕ್ಕುಬಂದಿ ಬೇಡ, ಆಯಮ್ಮನ್ನೇ ಕೇಳಿ ಬರ್ಕೊಳ್ಳಿ."

ಅದು ನನ್ನ ಕೈಗೆ ಬಂದ ಮೊದಲ ನಿಜವಾದ ದಾವೆ. ಸೀನಿಯರ್ ಕುರ್ಚಿಯಲ್ಲೇ ಕೂತೆ. ಅದು ಗಾಲಿಯ ಕುರ್ಚಿ. ಯಾರೂ ಇಲ್ಲದಾಗ ಒಂದು ಸುತ್ತು ತಿರುಗಿಯೂ ನೋಡಿದೆ ಎಂದು ಈಗ ಒಪ್ಪಿಕೊಳ್ಳಬಹುದು. ಆಕೆಯನ್ನು ಮೇಜಿನಾಚೆ ಎದುರಿಗೆ ಕೂರಿಸಿ ಕೇಳಿದೆ. ಆಕೆ ಕೈ ಆಡಿಸಿ ತೋರಿಸಿದರು.

"ಮುಂದಕ್ಕೆ ಕೆರೆ ಕಾಲ್ವೆ. ಹಿಂದಕ್ಕೆ ಹುಣಸೆ ತೋಪು. ಈ ಕಡೆ ಬಂಡಿದಾರಿ, ದಾರಿಯಾಚೆ ಆ ಮಹಾನುಭಾವನ ಹೊಲ. ಈ ಕಡೆ ನಮ್ಮ ಮೈದುನನ ರಾಗಿ ಹೊಲ."

"ಮುಂದಕ್ಕೆ ಅಂದ್ರೆ ಪೂರ್ವ ತಾನೇ?"

"ಇನ್ನೇನು ಸ್ವಾಮಿ, ಸೂರ್ಯ ಹುಟ್ಟೋದೇ ಆ ಕಾಲ್ವೆ ಮೇಲೆ."

ಎಷ್ಟು ಜಾಗರೂಕ ಮನುಷ್ಯ ನಾನು ಎಂದುಕೊಂಡೆ. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ತೋಪು, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಮೈದುನನ ಹೊಲ ಎಂದು ಬರೆದು, ಒಂದೂ 'ಬಹುಶಃ' ಇಲ್ಲದ ಡ್ರಾಫ್ಟನ್ನು ಟೈಪಕ್ಕನ ಮುಂದಿಟ್ಟೆ. ಅವರು ಎಲ್ಲವನ್ನೂ ಹೊಡೆದರು. ಚೆಕ್ಕುಬಂದಿಯ ಜಾಗ ಬಂದಾಗ ಬೆರಳು ನಿಂತಿತು.

"ಆಯಮ್ಮನ್ನ ಕರೀರಿ."

"ಬೆಳಗಿಂದ ಏನೂ ತಿಂದಿರಲಿಲ್ಲ, ಹೋಟೆಲಿಗೆ ಹೋಗಿದಾರೆ. ಇದನ್ನೇ ಹೊಡೀರಿ ಅಕ್ಕಾ, ಸೀನಿಯರ್ ಎರಡು ಸಲ ಹೇಳಿ ಕಳಿಸಿದ್ರು."

"ಬರ್ಲಿ. ಐದು ನಿಮಿಷ."

"ನಾನೇ ಕೂರಿಸ್ಕೊಂಡು ಕೇಳಿ ಬರ್ದಿದೀನಿ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಕ್ಕಾ?"

ನಲವತ್ತಾರು ವರ್ಷದ ಗಂಡಸು ಹೀಗೆ ಮುಖ ಊದಿಸಿಕೊಂಡು ಕೇಳಿದರೆ ಯಾರೇ ಆದರೂ ಏನು ಮಾಡುತ್ತಾರೆ? ಟೈಪಕ್ಕ "ಆಯ್ತು ಬಿಡಿ" ಎಂದು ನಾನು ಬರೆದಂತೆಯೇ ಹೊಡೆದುಕೊಟ್ಟರು. ನನಗೆ ತಿಳಿದಂತೆ ಅವರು ತಮ್ಮ ಕಟ್ಟುನಿಟ್ಟನ್ನು ಮುರಿದದ್ದು ಅದೊಂದೇ ಸಲ, ಅದೂ ನನಗಾಗಿ.

ಸೀನಿಯರ್ ಕೋರ್ಟಿನ ಜಗಲಿಯಲ್ಲಿ ನಿಂತುಕೊಂಡೇ, ಓದದೆ, ಸಹಿ ಹಾಕಿದರು. ಹೋಟೆಲಿನಿಂದ ಬಂದ ಆಕೆ ನಾನು ತೋರಿಸಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿದರು. ನಾನು ಕಾಗದ ಹಿಡಿದು ಫೈಲಿಂಗ್ ಕೌಂಟರಿನ ಸಾಲಿನಲ್ಲಿ ಮೂರನೆಯವನಾಗಿ ನಿಂತೆ. ಎದುರಿನ ಇಬ್ಬರಲ್ಲಿ ಒಬ್ಬರು ಮುಗಿಸಿ ಹೋದರು. ಅಷ್ಟರಲ್ಲಿ ಜಗಲಿಯ ಮೆಟ್ಟಿಲು ಹತ್ತಿ ಟೈಪಕ್ಕ ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರು ತಮ್ಮ ಅಂಗಡಿಯಿಂದ ಹೊಂಗೆ ಮರದಾಚೆಗೆ ಬಂದದ್ದನ್ನೇ ನಾನು ಕಂಡಿರಲಿಲ್ಲ. ಬಂದವರೇ ನನ್ನ ಕೈಯಿಂದ ಕಾಗದ ಕಿತ್ತುಕೊಂಡರು.

"ಆಯಮ್ಮನ್ನ ಸುಮ್ನೆ ಮನಸ್ಸಿಗೆ ಸಮಾಧಾನಕ್ಕೆ ಅಂತ ಮರದ ಕೆಳಗೆ ನಿಲ್ಲಿಸಿದೆ," ಎಂದು ಏದುಸಿರಿನಲ್ಲಿ ಪಿಸುಗುಟ್ಟಿದರು. "ಬಂಡಿದಾರಿಗೆ ಬಲಗೈ ಚಾಚಿದ್ರು ಮೇಷ್ಟ್ರೇ. ಬಲಗೈ."

ಪೂರ್ವಕ್ಕೆ ಮುಖ ಮಾಡಿದವರ ಬಲಕ್ಕೆ ದಕ್ಷಿಣ. ದಾರಿ ಇದ್ದದ್ದು ದಕ್ಷಿಣಕ್ಕೆ. ಆಕೆ ನನ್ನ ಎದುರಿಗೆ ಕೂತು ಬಲಗೈ ತೋರಿಸಿದ್ದರು. ಅದು ನನ್ನ ಎಡಕ್ಕೆ ಬಂದಿತ್ತು. ನಾನು ನನ್ನ ಎಡವನ್ನು ಉತ್ತರ ಮಾಡಿ ಬರೆದಿದ್ದೆ. ಆ ಕಾಗದ ಒಳಗೆ ಹೋಗಿದ್ದರೆ ಮೈದುನನ ರಾಗಿ ಹೊಲದ ಕಡೆ ತಡೆಯಾಜ್ಞೆ ಬಂದು, ಬಂಡಿದಾರಿಯಲ್ಲಿ ಮಿಕ್ಕ ಕಂಬಗಳು ಏಳುತ್ತಿದ್ದವು.

ಸರಿಯಾಗಿ ಆಗಲೇ ಸೀನಿಯರ್ ಹೊರಗೆ ಬಂದರು.

"ಇನ್ನೂ ಫೈಲ್ ಆಗಿಲ್ವಾ? ಏನಮ್ಮಾ, ನೀನ್ಯಾಕೆ ಇಲ್ಲಿ?"

ನಾನು ಬಾಯಿ ತೆರೆದೆ. ನನಗಿಂತ ಮೊದಲು ಟೈಪಕ್ಕ ಹೇಳಿಬಿಟ್ಟರು.

"ಟೈಪಿಂಗ್ ಮಿಸ್ಟೇಕ್ ಸಾರ್. ಉತ್ತರ ದಕ್ಷಿಣ ತಿರುಗಾಮುರುಗಾ ಆಗೋಗಿದೆ. ಹತ್ತು ನಿಮಿಷದಲ್ಲಿ ಬೇರೆ ಕೊಡ್ತೀನಿ."

ಸೀನಿಯರ್ ಗಂಟಲು ದೊಡ್ಡದು. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇಪ್ಪತ್ತೆಂಟು ವರ್ಷದಿಂದ ಹೊಡೀತಿದೀಯ, ಉತ್ತರ ಯಾವ್ದು ದಕ್ಷಿಣ ಯಾವ್ದು ತಿಳಿಯಲ್ವಾ? ನಿನ್ನ ನಂಬ್ಕೊಂಡು ಕಣ್ಮುಚ್ಚಿ ಸೈನ್ ಹಾಕಿದೀನಿ. ಫೈಲ್ ಆಗಿದ್ರೆ ಈ ಮುದುಕಿ ಗತಿ ಏನಮ್ಮಾ?"

"ತಪ್ಪಾಯ್ತು ಸಾರ್," ಎಂದರು ಟೈಪಕ್ಕ. ಹಣೆಯಿಂದ ಕನ್ನಡಕ ಇಳಿಸಿಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದರು.

ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಜೀವಮಾನವೆಲ್ಲ ಆಗದ ಅನಾಹುತಗಳಿಗೆ ಹೆದರುತ್ತಾ ಬಂದವನಿಗೆ, ಕಣ್ಣೆದುರು ಆಗುತ್ತಿರುವುದಕ್ಕೆ ಒಂದು ಮಾತು ಹೊರಡಲಿಲ್ಲ.

ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊಸ ಕಾಗದ, ಹೊಸ ಸಹಿ, ಹೊಸ ಹೆಬ್ಬೆಟ್ಟು. ಮಧ್ಯಾಹ್ನ ಊಟದ ಬಿಡುವಿನ ನಂತರ, ಮುಂದಿನ ವಿಚಾರಣೆಯವರೆಗೆ ದಾರಿಗೆ ಅಡ್ಡಿಪಡಿಸಬಾರದೆಂದು ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಆಕೆಗೆ ಹೇಳಿದೆ.

"ಬಂಡಿ ಹೋಗ್ತದಾ?"

"ಹೋಗುತ್ತಮ್ಮ."

"ಹಂಗಾದ್ರೆ ನಾನು ಬಸ್ ಹಿಡೀತೀನಿ. ಹುಳ ಎದ್ಬಿಟ್ಟಾವು," ಎಂದು ಹೊರಟೇಬಿಟ್ಟರು. ಎರಡು ವಾರದ ಮೇಲೆ, ಹುಳುಗಳೆಲ್ಲ ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವೆಂದು ಹೇಳಿ ಕಳಿಸಿದರು. ಸೀನಿಯರ್‌ಗಲ್ಲ, ನನಗೂ ಅಲ್ಲ; ಟೈಪಕ್ಕನಿಗೆ.

ಆ ಸಂಜೆ ಐದರ ಹೊತ್ತಿಗೆ ಅಂಗಡಿಗೆ ಹೋದೆ. ಟೈಪಕ್ಕ ಕೀಬೋರ್ಡಿಗೆ ಟವೆಲ್ ಹೊದಿಸುತ್ತಿದ್ದರು. ನಾಳೆ ಸೀನಿಯರ್‌ಗೆ ನಿಜ ಹೇಳುತ್ತೇನೆ, ಹೇಳಿ ಈ ಲಾ ಸಹವಾಸವನ್ನೇ ಬಿಡುತ್ತೇನೆ, ಟ್ಯೂಷನ್ ಹೇಳಿಕೊಂಡು ಇರುತ್ತೇನೆ ಎಂದೆ. ದಾರಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದರಿಂದ ತಡವರಿಸದೆ ಹೇಳಿದೆ.

"ಅದಿರ್ಲಿ. ಹೆಂಗಾಯ್ತು ಅದು? ನೀವು ಅಷ್ಟು ಪೆದ್ದರಲ್ಲವಲ್ಲ."

ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಇನ್ನೊಂದು ಹೊಳೆದು ನಾಚಿಕೆ ಹೆಚ್ಚಾಯಿತು. ಎಡಗೈ ಬಲಗೈಯಂತೆ, ಒಂದು ಇನ್ನೊಂದರ ಕನ್ನಡಿ ಬಿಂಬವಾಗಿರುವ ಅಣುಗಳಿವೆ. ನೋಡಲು ಒಂದೇ ಥರ, ಆದರೆ ಒಂದಲ್ಲ; ಎಷ್ಟೋ ಔಷಧಿಗಳೂ ಹಾಗೆಯೇ. ಅದು ಪಿಯು ಪಾಠದಲ್ಲಿತ್ತು. ಬೋರ್ಡಿನ ಮುಂದೆ ಎರಡೂ ಕೈ ಎತ್ತಿ ತೋರಿಸಿ ಹದಿನೆಂಟು ವರ್ಷ ಅದನ್ನೇ ಕಲಿಸಿದ್ದೆ. ಅದನ್ನೂ ಹೇಳಿಬಿಟ್ಟೆ.

"ಹದಿನೆಂಟು ವರ್ಷ ಹೇಳಿಕೊಟ್ಟಿದ್ದು ಇದನ್ನೇನಾ!" ಟೈಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಸರಿ, ಒಂದರ ಬದಲು ಇನ್ನೊಂದು ಕೈದು ಔಷಧಿ ಕುಡಿದ್ರೆ ಏನಾಗ್ತದೆ?"

"ಕೆಲವು ವಿಷ ಆಗ್ತವೆ ಅಕ್ಕಾ."

"ಇಲ್ಲೂ ಹಂಗೇ ಅನ್ಕೊಳ್ಳಿ, ಇನ್ಮೇಲೆ ಮರೆಯಲ್ಲ. ಎದುರು ಕೂತು ಕೇಳ್ಬೇಡಿ. ಪಕ್ಕದಲ್ಲಿ ನಿಂತ್ಕೊಂಡು ಕೇಳಿ. ಅಷ್ಟೇ ಇರೋದು."

"ಆದ್ರೂ ಸೀನಿಯರ್‌ಗೆ..."

"ಸುಮ್ನಿರಿ ಮೇಷ್ಟ್ರೇ. ಓದೋ ಹೊತ್ತಲ್ಲೇ ತಪ್ಪು ಹೆಸರಿಗೆ ಅಂಟಿದ್ರೆ, ಸಾಯೋ ತನಕ 'ಉತ್ತರ ದಕ್ಷಿಣದ ಲಾಯರ್ರು' ಅಂತ್ಲೇ ಕರೀತಾರೆ ಈ ಊರಲ್ಲಿ. ನಂದೇನು, ಇಪ್ಪತ್ತೆಂಟು ವರ್ಷ ತಪ್ಪಿಲ್ದೆ ಹೊಡೆದಿದೀನಿ. ಒಂದು ದೃಷ್ಟಿಬೊಟ್ಟು ಇರ್ಲಿ ಬಿಡಿ. ಮತ್ತೆ, ಆಯಮ್ಮನ್ನ ನಿಲ್ಲಿಸ್ದೆ ಹೊಡೆದೆ ನೋಡಿ, ಅದು ನಂದೂ ತಪ್ಪೇ."

ನಾನು ಸುಮ್ಮನಾದೆ. ಅವರು ಸುಮ್ಮನಿರಿ ಎಂದದ್ದಕ್ಕೆ ಸುಮ್ಮನಾದೆ ಎಂದು ಆಗ ಅಂದುಕೊಂಡಿದ್ದೆ. ಅನುಕೂಲವಾಗಿತ್ತು, ಅದಕ್ಕೆ ಸುಮ್ಮನಾದೆ. ಲಾ ಬಿಡಲಿಲ್ಲ. ಪರೀಕ್ಷೆ ಮುಗಿಯಿತು, ವಕೀಲಿಕೆಯ ಸನ್ನದು ಬಂತು. ಮೊದಲ ದಿನ ಕಪ್ಪು ಕೋಟು ತೊಟ್ಟು ಅಂಗಡಿಯ ಮುಂದೆ ನಿಂತಾಗ ಟೈಪಕ್ಕ ಎದ್ದು ಬಂದು, ಬಾಗಿದ ಆ ಕಿರುಬೆರಳಿನಿಂದಲೇ ನನ್ನ ಕೊರಳಿನ ಬಿಳಿಯ ಪಟ್ಟಿಯನ್ನು ನೆಟ್ಟಗೆ ಮಾಡಿದರು. "ಎಡಕ್ಕೆ ವಾಲಿತ್ತು," ಎಂದರು. "ನನ್ನ ಎಡಕ್ಕೋ ನಿಮ್ಮ ಎಡಕ್ಕೋ ಅಕ್ಕಾ?" ಎಂದೆ. ಇಬ್ಬರೂ ನಕ್ಕೆವು. ಆ ಮಾತು ಮೂರನೆಯವರಿಗೆ ಅರ್ಥವಾಗುವಂತಿರಲಿಲ್ಲ.

ಈ ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಒಂದು ಭಾನುವಾರ ಬೆಳಗ್ಗೆ, ಮನೆಯ ಮುಂದೆ ನೀರು ಹಾಕುತ್ತಿದ್ದ ಟೈಪಕ್ಕ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಹೊರಡುವ ಮೊದಲೇ ಹೋಗಿಬಿಟ್ಟರು. ಆಗದ ಅನಾಹುತಗಳ ನನ್ನ ಉದ್ದನೆಯ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ವಕೀಲರ ಸಂಘದ ಹಾಲಿನಲ್ಲಿ ಸಂತಾಪ ಸಭೆ ಇಟ್ಟರು. ವಕೀಲರಲ್ಲದವರಿಗೆ ಅಲ್ಲಿ ಸಭೆ ನಡೆದದ್ದು ನನಗೆ ತಿಳಿದಂತೆ ಅದೇ ಮೊದಲು. ನಾಲ್ಕೈದು ಜನ ಮಾತಾಡಿದ ಮೇಲೆ ನಮ್ಮ ಸೀನಿಯರ್ ಎದ್ದರು. ದೊಡ್ಡ ಗಂಟಲು ಅಂದು ಸಣ್ಣದಾಗಿತ್ತು.

"ಮೂವತ್ತು ವರ್ಷದ ಹತ್ತಿರ ಆಯಮ್ಮನ ಕೈಯಲ್ಲಿ ಹೊಡೆಸಿದೀನಿ. ಇಡೀ ಸರ್ವಿಸ್‌ನಲ್ಲಿ ಮಾಡಿದ್ದು ಒಂದೇ ಒಂದು ತಪ್ಪು. ಒಂದ್ಸಲ ಉತ್ತರ ದಕ್ಷಿಣ ಅದಲುಬದಲು ಮಾಡಿದ್ಳು. ಅದೂ ತಾನೇ ಕಂಡುಹಿಡಿದು ಓಡಿ ಬಂದ್ಳು." ಪ್ರೀತಿಯಿಂದಲೇ ಹೇಳಿದರು. ಸಭೆಯಲ್ಲಿ ಒಂದಿಬ್ಬರು ಪ್ರೀತಿಯಿಂದಲೇ ನಕ್ಕರು.

ನಾನು ಎದ್ದು ನಿಂತಿದ್ದೇನೆಂದು ಗೊತ್ತಾದದ್ದು ಎಲ್ಲರೂ ನನ್ನ ಕಡೆ ತಿರುಗಿದಾಗ.

"ಸಾರ್, ಅದು ಅಕ್ಕನ ತಪ್ಪಲ್ಲ," ಎಂದೆ. "ಡ್ರಾಫ್ಟು ನಂದು. ಉತ್ತರ ದಕ್ಷಿಣ ಮಾಡಿದ್ದು ನಾನು. ಅಕ್ಕ ಬೇಡ ಅಂದ್ರೂ ಬಲವಂತ ಮಾಡಿ ಹೊಡೆಸಿದ್ದೂ ನಾನೇ. ನನ್ನ ಹೆಸರು ಕೆಡಬಾರದು ಅಂತ ಅವರು ತಮ್ಮ ಮೇಲೆ ಹಾಕ್ಕೊಂಡ್ರು."

ಸೀನಿಯರ್ ನನ್ನ ಕಡೆ ಎರಡು ಹೆಜ್ಜೆ ಬಂದರು.

"ಅವತ್ತು ನಾನು ಆಯಮ್ಮನ್ನ ಎಲ್ಲರ ಮುಂದೆ ಬೈದೆನಲ್ಲಯ್ಯಾ."

"ಬೈದ್ರಿ ಸಾರ್. ನಾನು ಅಲ್ಲೇ ನಿಂತಿದ್ದೆ."

ಅವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲಿಲ್ಲ.

"ಹಂಗಾದ್ರೆ ಆಯಮ್ಮಂದು ಒಂದೂ ತಪ್ಪಿಲ್ಲ."

"ಒಂದೂ ಇಲ್ಲ ಸಾರ್."

ಹೊರಗೆ ಬಂದಾಗ ತಗಡಿನ ಅಂಗಡಿಗೆ ಬೀಗ ಬಿದ್ದಿತ್ತು. ಅವರೇ ಇಟ್ಟುಕೊಂಡಿದ್ದ ದೃಷ್ಟಿಬೊಟ್ಟನ್ನು ಅವರನ್ನು ಕೇಳದೆ ಅಳಿಸಿಬಿಟ್ಟೆನಲ್ಲಾ ಎಂದು ನನಗೆ ರೂಢಿಯ ಹಾಗೆ ಚಿಂತೆ ಶುರುವಾಯಿತು. ಇನ್ನು ಅವರಿಗೆ ಯಾರ ದೃಷ್ಟಿಯೂ ತಾಗಲಾರದು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಹೊಂಗೆ ಮರದ ಕೆಳಗೆ ನನ್ನ ಕಕ್ಷಿದಾರನೊಬ್ಬ, ಕೈಯಲ್ಲಿ ಹಳೆಯ ಪತ್ರ ಹಿಡಿದು, ಕೂರಲು ಜಾಗ ಹುಡುಕುತ್ತಿದ್ದ. ಪತ್ರವನ್ನು ಮಡಿಸಿ ಅವನ ಜೇಬಿಗೇ ಹಾಕಿ, ಪಕ್ಕದಲ್ಲಿ ಹೋಗಿ ನಿಂತೆ.

"ತೂರ್ಪು ಪಕ್ಕ ತಿರುಗಣ್ಣಾ," ಎಂದೆ.